ಉಪ್ಪು ತಿಂದ ಚಾಕು

ಬಾ ಫಿನ್ಲೆ, ಆ ಪೆಟ್ಟಿಗೆ ಬೋರಲು ಹಾಕಿಕೊಂಡು ಕೂರು.
ಬ್ಲಫ್ ಬಂದರಿನಲ್ಲಿ ಟೀಗೆ ಹತ್ತೇ ನಿಮಿಷ;
ದಕ್ಷಿಣದ ಗಾಳಿ ತಗಡಿನ ಸಂದಿಯಲ್ಲಿ ಶಿಳ್ಳೆ ಹೊಡೆದು
ಅದರಲ್ಲೂ ಎರಡು ಕದಿಯುತ್ತದೆ.
ನನ್ನ ಚಾಕು ನೋಡಬೇಕು ಅಂದೆಯಲ್ಲ, ನೋಡು.
ಕೈಗೆ ಕೊಡುವುದಿಲ್ಲ. ಸಿಂಪಿ ತಿಂದ ಕೈ ನಿನ್ನದು,
ಬೆರಳಲ್ಲಿ ಇನ್ನೂ ನಿಂಬೆಹುಳಿ ಇದೆ,
ಹುಳಿ ಬಿದ್ದರೆ ಚಿಪ್ಪಿನ ಹೊಳಪು ಸತ್ತಿತು.

ಹಿಡಿ ಟೋಟರಾ ಮರದ್ದು:
ರೋಪಾಟಾ ಮಾಮನ ಕುರಿಬೇಲಿಯಲ್ಲಿ
ಅರವತ್ತು ವರ್ಷ ನಿಂತು ನಿವೃತ್ತಿಯಾದ ಕಂಬ.
ಅದರ ಹೊಟ್ಟೆ ಕೊರೆದು ಪಾವಾ ಚಿಪ್ಪು ಕೂರಿಸಿದ,
ಮೂರು ತುಂಡು, ಮೂರು ಅಲೆ.
ಆಡಿಸಿದರೆ ನೀಲಿ, ಓರೆ ಮಾಡಿದರೆ ಹಸಿರು,
ಟ್ಯೂಬ್‌ಲೈಟಿನ ಕೆಳಗೆ
ಪೆಟ್ಟು ಬಿದ್ದ ಮಾರನೆಯ ದಿನದ ಚರ್ಮದ ನೇರಳೆ.

ಕೊಟ್ಟ ದಿನ ಮಾಮ ಹೇಳಿದ್ದು ಒಂದೇ ಮಾತು:
"ಉಪ್ಪು ತಿಂದ ಚಾಕು ನೀರು ಕುಡಿಯಲೇಬೇಕು, ಮೆರಾನಿಯಾ."
ಅದಕ್ಕೇ ದಿನಾ ಸಂಜೆ ಸಿಹಿನೀರು. ಬಿಸಿಯಲ್ಲ, ತಣ್ಣಗಿನದು.
ಬಿಸಿಗೆ ಅಂಟು ಬಾಯಿ ಬಿಡುತ್ತದೆ,
ನೆನೆಸಿಟ್ಟರೆ ಮರ ಉಬ್ಬಿ ಚಿಪ್ಪನ್ನು ಹೊರಗೆ ನೂಕುತ್ತದೆ,
ಬಾಡಿಗೆ ಕೊಡದವನನ್ನು ನೂಕುವ ಹಾಗೆ.
ಆಮೇಲೆ ಹಳೇ ಬನಿಯನ್ನಿನ ಚೂರು,
ಹೆಸರುಕಾಳಿನಷ್ಟು ಮೇಣ.
ಕೀಲಿ, ಚಿಲ್ಲರೆ ಎಲ್ಲ ಎಡಜೇಬಿಗೆ.
ಬಲಜೇಬು ಇದೊಂದಕ್ಕೇ. ಗಂಡ ಬದುಕಿದ್ದಾಗ
ಅವನ ಕೈಯನ್ನೂ ಅಲ್ಲಿಗೆ ಬಿಟ್ಟವಳಲ್ಲ.
ಜನವರಿ ಬಿಸಿಲಲ್ಲಿ ಗಾಡಿಯ ಡ್ಯಾಶ್‌ಬೋರ್ಡಿನ ಮೇಲೆ ಮರೆತರೆ
ಒಂದು ಮಧ್ಯಾಹ್ನ ಸಾಕು, ಕೂದಲೆಳೆ ಬಿರುಕಿಗೆ.
ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದು ಅಂತಾರಲ್ಲ,
ನಾನು ಹಿಡಿಗೂ ಬಿಟ್ಟೆ.

ಹಾಗಂತ ಹೆದರಿ ಬೀರುವಿನಲ್ಲಿ ಇಟ್ಟವಳಲ್ಲ.
ಹಗ್ಗ ಕೊಯ್ದಿದ್ದೇನೆ, ಟೀಟೀ ಹಕ್ಕಿಯ ಉಪ್ಪುಮಾಂಸ,
ಮಗಳ ಹುಟ್ಟುಹಬ್ಬದ ಕೇಕು,
ಒಮ್ಮೆ ಪ್ರೊಪೆಲ್ಲರಿಗೆ ಸುತ್ತಿಕೊಂಡ ಇಡೀ ಬಲೆ.
ಸಿಂಪಿ ಮಾತ್ರ ಇಲ್ಲ.
ಸಿಂಪಿಗೆ ಶೆಡ್ಡಿನ ಮೊಂಡು ಚಾಕು.

ಹೋದ ಜುಲೈ. ಕೊನೆಯ ಗಂಟೆ. ಮೊಂಡು ಚಾಕು ಮುರಿಯಿತು.
ಡಜನ್ನಿನ ಲೆಕ್ಕದ ಕೂಲಿ, ಇನ್ನು ಎಂಟು ಬೇಕಿತ್ತು.
ಎಂಟೇ ತಾನೇ, ಅಂದಿತು ಕೈ.
ಐದನೆಯದು ಬಾಯಿ ಬಿಡಲಿಲ್ಲ. ತಿರುಚಿದೆ.
ಟಿಕ್.
ಉಗುರು ಕತ್ತರಿಸಿದಷ್ಟು ಸದ್ದು.
ನಡುವಿನ ಅಲೆ ಇರಲಿಲ್ಲ.

ಸಿಂಪಿ ಶೆಡ್ಡಿನ ನೆಲದಲ್ಲಿ ಚಿಪ್ಪು ಹುಡುಕುವವಳನ್ನು
ನೀನು ನೋಡಿಲ್ಲ. ನಾನೂ ನೋಡಿರಲಿಲ್ಲ.
ಅಷ್ಟರಲ್ಲಿ ಡೌಗಲ್ ಪೈಪು ಹಿಡಿದು ನೀರು ಬಿಟ್ಟಾಗಿತ್ತು.
ಹೊರಗಿನ ಗುಡ್ಡೆಯಲ್ಲಿ ಟಾರ್ಚು ಹಾಕಿ ಕೆದಕಿದೆ, ಮೂರು ರಾತ್ರಿ.
ನೀಲಿ ಸಿಕ್ಕಿತು: ಬಾಟಲಿಯ ಮುಚ್ಚಳ, ಬಲೆಯ ನೂಲು,
ಯಾರದೋ ಬಣ್ಣ ಹಚ್ಚಿದ ಅಂಟಿಸುಗುರು.
ಬೆಳಗಾಗುವ ಹೊತ್ತಿಗೆ ಕಡಲಹಕ್ಕಿಗಳು
ನನ್ನನ್ನು ತಮ್ಮ ಕುಲಕ್ಕೆ ಸೇರಿಸಿಕೊಂಡಿದ್ದವು.

ಮಾಮ ಬೈಯಲಿಲ್ಲ. ಉಪ್ಪಿನ ಮಾತನ್ನೂ ಎತ್ತಲಿಲ್ಲ.
ಅದೇ ಕಷ್ಟ.
ಕುಳಿಯೊಳಗೆ ಹೆಬ್ಬೆರಳಿಟ್ಟು ಸ್ವಲ್ಪ ಹೊತ್ತು ಕೂತ.
"ಕೈ ನಡುಗುತ್ತೆ ಈಗ, ಇನ್ನೊಂದು ಕೊರೆಯಲಾರೆ" ಅಂದ.
ಟೀ ಕುಡಿದೆವು. ಕುರಿಯ ರೇಟು ಮಾತಾಡಿದೆವು.

ಈಗ ಅಲ್ಲಿ ಜೇನುಮೇಣ ತುಂಬಿದ್ದೇನೆ.
ಜೇಬಿನ ಬಿಸಿಗೆ ಮೆತ್ತಗಾಗಿ
ಒತ್ತಿದಾಗೆಲ್ಲ ಹೊಸ ಬೆರಳಚ್ಚು,
ಸಂಜೆಗೆ ಅದರ ಗೆರೆಗೆರೆಗೂ ಶೆಡ್ಡಿನ ಕೊಳೆ.
ಚೆಂದವಲ್ಲ.
ಎರಡು ಅಲೆ, ನಡುವೆ ಒಂದು ಹೆಬ್ಬೆರಳು.

ಗಂಟೆ ಹೊಡೆಯಿತು, ಏಳು.
ಇರು, ನಿನ್ನದು ತೋರಿಸು.
ಅಜ್ಜನದು ಅಂದೆಯಲ್ಲ, ಜಿಂಕೆಕೊಂಬಿನ ಹಿಡಿ.
ಒದ್ದೆಯಲ್ಲೇ ಒರೆಗೆ ತುರುಕಿದ್ದೀಯ.
ತೆಗಿ.